60ನೇ ಪಿಕ್, 53 ಪಾಯಿಂಟ್, ಒಂದು ಸೊಂಟ: ಐಸೇಯಾ ಥಾಮಸ್ ಪ್ರಕರಣ

2017ರ ಮೇ 3, ಬುಧವಾರ. ನಮ್ಮಲ್ಲಿ ಹಾಲಿನ ಪ್ಯಾಕೆಟ್ ಬಾಗಿಲಿಗೆ ಬೀಳೋ ಹೊತ್ತು. ಬಾಸ್ಟನ್‌ನಲ್ಲಿ ಇನ್ನೂ ಮಂಗಳವಾರ ರಾತ್ರಿ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪ್ಲೇಆಫ್, ಅಂದರೆ ನಾಕೌಟ್ ಹಂತದ ಎರಡನೇ ಸುತ್ತು, ಬಾಸ್ಟನ್‌ನ ತಂಡ ಸೆಲ್ಟಿಕ್ಸ್ ಮತ್ತು ವಾಷಿಂಗ್ಟನ್ ವಿಝಾರ್ಡ್ಸ್ ನಡುವಿನ ಎರಡನೇ ಪಂದ್ಯ. ಮನೆಯವರಿಗೆ ಎಚ್ಚರ ಆಗಬಾರದು ಅಂತ ಸೌಂಡ್ ಇಳಿಸಿಕೊಂಡು ನೋಡುತ್ತಿದ್ದೆ.

ಕೋರ್ಟಿನಲ್ಲಿದ್ದವರಲ್ಲೆಲ್ಲ ಗಿಡ್ಡನೆಯವನು ಐಸೇಯಾ ಥಾಮಸ್. ಐದಡಿ ಒಂಬತ್ತು ಅಂಗುಲ. ಬಿಎಂಟಿಸಿ ಬಸ್ಸಿನಲ್ಲಿ ಪಕ್ಕ ನಿಂತರೆ ಯಾರೂ ತಿರುಗಿ ನೋಡಲ್ಲ, ಅಷ್ಟೇ ಎತ್ತರ. ಎರಡು ದಿನದ ಹಿಂದೆ ಮೊದಲ ಪಂದ್ಯದಲ್ಲಿ ಎದುರಾಳಿಯ ಮೊಣಕೈ ತಗುಲಿ ಅವನ ಮುಂದಿನ ಹಲ್ಲು ಉದುರಿತ್ತು. ಆಮೇಲೆ ಗಂಟೆಗಟ್ಟಲೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತಿದ್ದ. ಅದೂ ಸಾಲದು ಅಂತ, ಹದಿನೇಳು ದಿನದ ಹಿಂದೆ ಅವನ ತಂಗಿ ಕಾರು ಅಪಘಾತದಲ್ಲಿ ತೀರಿಕೊಂಡಿದ್ದಳು. 22 ವರ್ಷ. ಮೇ 2 ಅವಳ ಹುಟ್ಟಿದ ದಿನ. ಇದ್ದಿದ್ದರೆ ಅವತ್ತು 23 ತುಂಬುತ್ತಿತ್ತು.

ಆ ರಾತ್ರಿ ಅವನು ಹೊಡೆದದ್ದು 53 ಪಾಯಿಂಟ್. ನಾಲ್ಕನೇ ಕ್ವಾರ್ಟರ್‌ನಲ್ಲಿ 20, ಓವರ್‌ಟೈಮ್‌ನಲ್ಲಿ 9. ಸೆಲ್ಟಿಕ್ಸ್ 129-119ರಲ್ಲಿ ಗೆದ್ದಿತು. ಆ ತಂಡದ ಪ್ಲೇಆಫ್ ಇತಿಹಾಸದಲ್ಲಿ ಅದಕ್ಕಿಂತ ಜಾಸ್ತಿ ಹೊಡೆದಿದ್ದವನು ಒಬ್ಬನೇ: ಜಾನ್ ಹ್ಯಾವ್ಲಿಚೆಕ್, 54.

ಇದಾಗಿ ನಾಲ್ಕು ತಿಂಗಳೂ ತುಂಬಿರಲಿಲ್ಲ, ಸೆಲ್ಟಿಕ್ಸ್ ಅವನನ್ನು ಬೇರೆ ತಂಡಕ್ಕೆ ಕೊಟ್ಟುಬಿಟ್ಟಿತು. ಮರುವರ್ಷ ಜುಲೈನಲ್ಲಿ ಅವನ ಕೈಗೆ ಸಿಕ್ಕಿದ್ದು ಒಂದು ವರ್ಷದ ಕರಾರು. ಅವನಷ್ಟು ವರ್ಷ ಆಡಿದವರಿಗೆ ಲೀಗಿನಲ್ಲಿ ಇದಕ್ಕಿಂತ ಕಡಿಮೆ ಸಂಬಳವೇ ಇಲ್ಲ, ಸುಮಾರು 20 ಲಕ್ಷ ಡಾಲರ್. ನಮಗೆ ನಿಮಗೆ ಅದೇ ದೊಡ್ಡ ದುಡ್ಡು ಬಿಡಿ. ಆದರೆ ಅವನು ಯಾವ ಕರಾರಿಗೆ ಕಾಯುತ್ತಿದ್ದನೋ ಅದರ ಗರಿಷ್ಠ ಮೊತ್ತ ಐದು ವರ್ಷಕ್ಕೆ ಸುಮಾರು 17.7 ಕೋಟಿ ಡಾಲರ್.

ನಡುವೆ ಏನಾಯಿತು? ಬಾಸ್ಟನ್ ದ್ರೋಹ ಮಾಡಿತು ಅನ್ನುವವರಿದ್ದಾರೆ. ಹಣೆಬರಹ ಅನ್ನುವವರಿದ್ದಾರೆ. ಅವನೇ ಹಟ ಮಾಡಿ ಆಡಿ ಕೆಡಿಸಿಕೊಂಡ ಅನ್ನುವವರೂ ಇದ್ದಾರೆ. ನಾನು ಈ ಪ್ರಕರಣವನ್ನು ಎರಡು ತಾರೀಖು ಇಟ್ಟುಕೊಂಡು ಓದುತ್ತೇನೆ. ಸಹಿ ಬಿದ್ದ ತಾರೀಖು, ಪೆಟ್ಟು ಬಿದ್ದ ತಾರೀಖು.

ಸಹಿ ಬಿದ್ದ ತಾರೀಖು

ಹುಡುಗ ಅಮೆರಿಕದ ವಾಷಿಂಗ್ಟನ್ ರಾಜ್ಯದ ಟಕೋಮಾ ಊರಿನವನು. ಹುಟ್ಟಿದ್ದು 1989ರ ಫೆಬ್ರವರಿಯಲ್ಲಿ. ಹೆಸರಿನ ಹಿಂದೊಂದು ತಮಾಷೆ ಇದೆ. ಅಪ್ಪ ಲೇಕರ್ಸ್ ತಂಡದ ಭಕ್ತ. ಲೇಕರ್ಸ್ ಡೆಟ್ರಾಯಿಟ್ ಪಿಸ್ಟನ್ಸ್‌ಗೆ ಸೋಲೋದೇ ಇಲ್ಲ ಅಂತ ಗೆಳೆಯನ ಜೊತೆ ಪಂಥ ಕಟ್ಟಿದ್ದರಂತೆ. ಪಂಥ ಸೋತರು, ಪಿಸ್ಟನ್ಸ್‌ನ ಹೆಸರಾಂತ ಗಾರ್ಡ್ (ಚೆಂಡು ನಡೆಸಿ ಆಟ ಕಟ್ಟುವವನು) ಐಸೇಯಾ ಥಾಮಸ್ ಹೆಸರೇ ಮಗನಿಗೆ ಬಂತು. ಬೈಬಲ್‌ನಲ್ಲಿರುವ ಹಾಗೆ ಬರೆಯೋದಾದರೆ ಮಾತ್ರ ಅಂತ ಅಮ್ಮ ಹಟ ಹಿಡಿದದ್ದಕ್ಕೆ ಇಬ್ಬರ ಹೆಸರಿನ ನಡುವೆ ಇಂಗ್ಲಿಷಿನಲ್ಲಿ ಒಂದಕ್ಷರದ ವ್ಯತ್ಯಾಸ ಉಳಿಯಿತು. ಅದಿಲ್ಲದಿದ್ದರೆ ದಾಖಲೆ ಪುಸ್ತಕ ಬರೆಯುವವರ ಗತಿ ಏನಾಗುತ್ತಿತ್ತೋ.

ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಮೂರು ವರ್ಷ ಆಡಿದ. ಡ್ರಾಫ್ಟ್ ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳೋದು, ಒಂದೊಂದು ಆಯ್ಕೆಯೂ ಒಂದು ಪಿಕ್. 2011ರ ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಿ ಹೋದವನು ಕೈರಿ ಇರ್ವಿಂಗ್, ಕ್ಲೀವ್‌ಲ್ಯಾಂಡ್‌ಗೆ. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 60ನೆಯವನಾಗಿ, ಅಂದರೆ ಕಟ್ಟಕಡೆಯವನಾಗಿ ಹೋದವನು ಥಾಮಸ್, ಸ್ಯಾಕ್ರಮೆಂಟೊ ಕಿಂಗ್ಸ್‌ಗೆ. ಡ್ರಾಫ್ಟ್‌ನ ತುದಿಯಲ್ಲಿ ಸಿಕ್ಕವರ ಪಾಡು ಏನು ಅಂತ ನಮಗೆ ಗೊತ್ತಾಗೋದಕ್ಕೆ ಪಂಜಾಬಿನ ಸತ್ನಾಮ್ ಸಿಂಗ್ ನೆನಪಾದರೆ ಸಾಕು. 2015ರಲ್ಲಿ 52ನೆಯವನಾಗಿ ಡಲ್ಲಾಸ್ ಅವನನ್ನು ಆರಿಸಿತು, ದೇಶವೆಲ್ಲ ಕುಣಿಯಿತು. ಎನ್‌ಬಿಎ ಲೀಗ್ ಪಂದ್ಯ ಒಂದೂ ಆಡಲು ಸಿಗಲಿಲ್ಲ. 60ನೆಯವನ ಕೈಗೆ ಚೆಂಡು ಕೊಡೋದು ಯಾರು?

ಕೊಟ್ಟರು. ಮೊದಲ ವರ್ಷವೇ ಹೊಸಬರ ಎರಡನೇ ಅತ್ಯುತ್ತಮ ತಂಡದಲ್ಲಿ ಹೆಸರು ಬಂತು. 2013-14ರ ಹೊತ್ತಿಗೆ ಪಂದ್ಯಕ್ಕೆ ಸರಾಸರಿ 20.3 ಪಾಯಿಂಟ್, 6.3 ಅಸಿಸ್ಟ್ (ಜೊತೆಗಾರ ಪಾಯಿಂಟ್ ಹೊಡೆಯುವಂತೆ ಕೊಟ್ಟ ಪಾಸ್). ಇಷ್ಟಾದರೂ ಕಿಂಗ್ಸ್ ಅವನನ್ನು ಉಳಿಸಿಕೊಳ್ಳಲಿಲ್ಲ. ಗಿಡ್ಡ ಗಾರ್ಡ್ ಎಷ್ಟು ಹೊಡೆದರೂ ಡಿಫೆನ್ಸ್‌ನಲ್ಲಿ ಅಷ್ಟೇ ಬಿಟ್ಟುಕೊಡುತ್ತಾನೆ ಅನ್ನೋದು ಲೀಗಿನ ಹಳೆಯ ನಂಬಿಕೆ. ಪೂರ್ತಿ ಸುಳ್ಳೂ ಅಲ್ಲ. 2014ರ ಜುಲೈನಲ್ಲಿ ಫೀನಿಕ್ಸ್ ಸನ್ಸ್ ಜೊತೆ ಸಹಿ ಬಿತ್ತು: ನಾಲ್ಕು ವರ್ಷ, 2.7 ಕೋಟಿ ಡಾಲರ್. ಅದೂ ವರ್ಷದಿಂದ ವರ್ಷಕ್ಕೆ ಇಳಿಯುವ ಸಂಬಳ. ಮೊದಲ ವರ್ಷ 72 ಲಕ್ಷ, ಕೊನೆಯ ವರ್ಷ 63 ಲಕ್ಷಕ್ಕಿಂತ ತುಸು ಕಡಿಮೆ.

ಈಗ ತಾರೀಖು ನೋಡಿ. ಜುಲೈನಲ್ಲಿ ಸಹಿ. ಅಕ್ಟೋಬರ್‌ನಲ್ಲಿ ಎನ್‌ಬಿಎ ಹೊಸ ಟಿವಿ ಒಪ್ಪಂದ ಘೋಷಿಸಿತು, ಒಂಬತ್ತು ವರ್ಷಕ್ಕೆ ಸುಮಾರು 2,400 ಕೋಟಿ ಡಾಲರ್. ಆ ದುಡ್ಡು ಹರಿಯಲು ಶುರುವಾದ 2016ರಲ್ಲಿ ಪ್ರತಿ ತಂಡ ಆಟಗಾರರಿಗೆ ಕೊಡಬಹುದಾದ ಒಟ್ಟು ಸಂಬಳದ ಮಿತಿ 7 ಕೋಟಿಯಿಂದ ಒಂದೇ ಸಲ 9.4 ಕೋಟಿಗೆ ಹಾರಿತು. ಆ ಬೇಸಿಗೆಯಲ್ಲಿ ಸುಗ್ಗಿಯೋ ಸುಗ್ಗಿ. ಮೆಂಫಿಸ್‌ನ ಗಾರ್ಡ್ ಮೈಕ್ ಕಾನ್ಲಿಗೆ ಐದು ವರ್ಷಕ್ಕೆ 15.3 ಕೋಟಿ. ಬೆಂಚಿನಲ್ಲೇ ಹೆಚ್ಚು ಕೂತಿದ್ದ ಸೆಂಟರ್ (ಬುಟ್ಟಿಯ ಬಳಿ ಆಡುವ ಎತ್ತರದವನು) ಟಿಮೊಫೆ ಮೊಜ್ಗೋವ್‌ಗೆ ಲೇಕರ್ಸ್ ನಾಲ್ಕು ವರ್ಷಕ್ಕೆ 6.4 ಕೋಟಿ ಕೊಟ್ಟಿತು. ಗಾಳಿ ಬಂದಾಗ ತೂರಿಕೋ ಅಂತಾರೆ. ಗಾಳಿ ಬಂದೇ ಬಂತು, ಥಾಮಸ್ ಕೈಯಲ್ಲಿ ಮೊರ ಇರಲಿಲ್ಲ. ಅವನ ಕರಾರು 2018ರವರೆಗೆ.

ಕರಾರು ನವೀಕರಿಸಿ ಕೊಡಬಹುದಿತ್ತಲ್ವಾ ಅಂತ ಕೇಳಬಹುದು. ಇದ್ದ ಕರಾರನ್ನು ಮುಂದುವರಿಸುವಾಗ ಸಂಬಳ ಎಷ್ಟು ಏರಿಸಬಹುದು ಅನ್ನೋದಕ್ಕೆ ಲೀಗಿನ ನಿಯಮದಲ್ಲಿ ಮಿತಿ ಇತ್ತು. 63 ಲಕ್ಷದಿಂದ ಆ ಮಿತಿಯವರೆಗೆ ಏರಿಸಿದರೂ ಮಾರುಕಟ್ಟೆ ಬೆಲೆಯ ಹತ್ತಿರ ಬರುತ್ತಿರಲಿಲ್ಲ. ಅದಕ್ಕೇ ಅವನ ಮುಂದೆ ಇದ್ದದ್ದು ಒಂದೇ ದಾರಿ. ಇನ್ನೂ ಚೆನ್ನಾಗಿ ಆಡೋದು, 2018ಕ್ಕೆ ಕಾಯೋದು.

ಆಟ ಹೇಗಿತ್ತು

ಫೀನಿಕ್ಸ್‌ನಲ್ಲಿ ಗೊರಾನ್ ಡ್ರಾಗಿಚ್, ಎರಿಕ್ ಬ್ಲೆಡ್ಸೊ, ಥಾಮಸ್ ಅಂತ ಮೂರು ಗಾರ್ಡ್‌ಗಳು, ಚೆಂಡು ಒಂದು. ಅದು ಬಹಳ ದಿನ ನಡೆಯೋ ಸಂಸಾರವಲ್ಲ. 2015ರ ಫೆಬ್ರವರಿಯಲ್ಲಿ ಬಾಸ್ಟನ್‌ನ ಮ್ಯಾನೇಜರ್ ಡ್ಯಾನಿ ಏಂಜ್ ಅವನನ್ನು ಅಗ್ಗಕ್ಕೆ ತಂದರು. ಮಾರ್ಕಸ್ ಥಾರ್ನ್‌ಟನ್ ಮತ್ತು ಒಂದು ಮೊದಲ ಸುತ್ತಿನ ಪಿಕ್, ಅಷ್ಟೇ ಕೊಟ್ಟದ್ದು.

2016-17ರಲ್ಲಿ ಅವನ ಸರಾಸರಿ 28.9 ಪಾಯಿಂಟ್. ಸತತ 43 ಪಂದ್ಯಗಳಲ್ಲಿ 20 ಅಥವಾ ಅದಕ್ಕಿಂತ ಜಾಸ್ತಿ, ಅದು ತಂಡದ ದಾಖಲೆ. ಡಿಸೆಂಬರ್ 30ರಂದು ಮಯಾಮಿ ಎದುರು 52, ಅದರಲ್ಲಿ ನಾಲ್ಕನೇ ಕ್ವಾರ್ಟರ್ ಒಂದರಲ್ಲೇ 29. ಸೆಲ್ಟಿಕ್ಸ್ 53 ಪಂದ್ಯ ಗೆದ್ದು ಪೂರ್ವ ವಿಭಾಗದಲ್ಲಿ ಮೊದಲ ಸ್ಥಾನಕ್ಕೆ ಬಂತು. ವರ್ಷದ ಅತ್ಯುತ್ತಮ ಆಟಗಾರನನ್ನು (ಎಂವಿಪಿ) ಆರಿಸುವ ಮತದಾನದಲ್ಲಿ ಅವನು ಐದನೆಯವನು.

ಇದೆಲ್ಲ ಅಂಕಿ. ಆಟವನ್ನು ಹತ್ತಿರದಿಂದ ನೋಡಬೇಕು. ಕೋಚ್ ಬ್ರಾಡ್ ಸ್ಟೀವನ್ಸ್ ಕಟ್ಟಿದ ಒಂದು ಆಟ ಪದೇ ಪದೇ ಬರುತ್ತಿತ್ತು. ದೊಡ್ಡವನು ಆಲ್ ಹಾರ್ಫರ್ಡ್ ಮೇಲ್ಗಡೆ ಚೆಂಡು ಹಿಡಿದು ನಿಲ್ಲುತ್ತಾನೆ. ಥಾಮಸ್ ಮೂಲೆಯಿಂದ ಓಡಿ ಬಂದು ಅವನ ಕೈಯಿಂದಲೇ ಚೆಂಡು ಕಿತ್ತುಕೊಂಡು ಹೋಗುತ್ತಾನೆ. ಹಿಂದೆ ಬಿದ್ದ ಡಿಫೆಂಡರ್ ಹಾರ್ಫರ್ಡ್‌ನ ಮೈಗೆ ಡಿಕ್ಕಿ ಹೊಡೆದು ನಿಲ್ಲುತ್ತಾನೆ. ಥಾಮಸ್ ಎಡಚ. ಒಂದು ಡ್ರಿಬಲ್, ಆಮೇಲೆ ಅರೆಗಳಿಗೆ ನಿಂತಂತೆ ಮಾಡುತ್ತಾನೆ. ಎದುರಿನವನ ಹಿಮ್ಮಡಿ ಮೇಲೆದ್ದಿತೋ, ಇವನು ಎಡಕ್ಕೆ ನುಗ್ಗಿದ.

ಮುಂದಿನದು ನನಗೆ ಬಹಳ ಇಷ್ಟ. ಬುಟ್ಟಿಯ ಕೆಳಗೆ ಏಳಡಿ ಆಸಾಮಿ ಕೈ ಎತ್ತಿಕೊಂಡು ಕಾಯುತ್ತಿರುತ್ತಾನೆ. ಗಿಡ್ಡನೆಯವರು ಸಾಮಾನ್ಯವಾಗಿ ಅವನಿಂದ ದೂರ ಸರಿದು ಚೆಂಡು ಎಸೆಯುತ್ತಾರೆ. ಥಾಮಸ್ ಸೀದಾ ಅವನ ಎದೆಗೇ ಹೋಗಿ ಭುಜ ಕೊಡುತ್ತಿದ್ದ. ದೊಡ್ಡವನಿಗೆ ಹಾರಲು, ಕೈ ಬೀಸಲು ಒಂದಿಷ್ಟು ಜಾಗ ಬೇಕು. ಮೈಗೆ ಮೈ ತಾಗಿದರೆ ಆ ಜಾಗವೇ ಇಲ್ಲ. ಅಷ್ಟರಲ್ಲಿ ಚೆಂಡು ಹಲಗೆಯ ಮೇಲ್ತುದಿಗೆ ಬಡಿದು ಬುಟ್ಟಿಗೆ ಇಳಿದಿರುತ್ತಿತ್ತು. ಇಳಿಯದಿದ್ದರೆ ರೆಫರಿಯ ವಿಸಿಲ್. ಆ ಸೀಸನ್‌ನಲ್ಲಿ ಪಂದ್ಯಕ್ಕೆ ಎಂಟೂವರೆ ಫ್ರೀ ಥ್ರೋ (ಫೌಲ್ ಆದಾಗ ಅಡ್ಡಿಯಿಲ್ಲದೆ ಎಸೆಯುವ ಅವಕಾಶ), ನೂರಕ್ಕೆ 91 ಬುಟ್ಟಿಯೊಳಗೆ.

ಓಡುವಾಗ ತಟ್ಟನೆ ನಿಲ್ಲೋದು, ಮೈ ತಿರುಗಿಸೋದು, ಡಿಕ್ಕಿ ಹೊಡೆದು ಒಂಟಿ ಕಾಲ ಮೇಲೆ ಇಳಿಯೋದು. ಎಲ್ಲದರ ಭಾರ ಬೀಳುವುದು ಸೊಂಟದ ಕೀಲಿಗೆ. ಎಡಗೈಯಲ್ಲಿ ಲೇಅಪ್ (ಓಡಿ ಬಂದು ಬುಟ್ಟಿಯ ಪಕ್ಕ ಹಾರಿ ಎಸೆಯುವ ಚೆಂಡು) ಹಾಕುವವನು ಸಾಮಾನ್ಯವಾಗಿ ಹಾರೋದು ಬಲಗಾಲ ಮೇಲೆ. ಅವನಿಗೆ ಪೆಟ್ಟಾದದ್ದು ಬಲಸೊಂಟಕ್ಕೆ.

ಪೆಟ್ಟು ಬಿದ್ದ ತಾರೀಖು

2017ರ ಮಾರ್ಚ್ 15, ಮಿನಿಯಾಪೊಲಿಸ್, ಮಿನಿಸೋಟ ಟಿಂಬರ್‌ವುಲ್ವ್ಸ್ ಎದುರಿನ ಪಂದ್ಯ. ಮೂರನೇ ಕ್ವಾರ್ಟರ್‌ನಲ್ಲಿ ಬಿದ್ದ. ಎರಡು ಪಂದ್ಯ ಬಿಟ್ಟು ಮತ್ತೆ ಬಂದ. ಏನೂ ಆಗಿಲ್ಲ ಅನ್ನುವ ಹಾಗೆ.

ಆದದ್ದು ಇದು. ತೊಡೆಯ ಮೂಳೆಯ ಗುಂಡು ತಲೆ ಸೊಂಟದ ಬಟ್ಟಲಲ್ಲಿ ಕೂತಿರುತ್ತದೆ. ಬಟ್ಟಲಿನ ಅಂಚಿಗೆ ಸುತ್ತಲೂ ಲೇಬ್ರಮ್ ಅನ್ನುವ ಮೆತ್ತನೆ ಪಟ್ಟಿ. ಕುಕ್ಕರ್ ಮುಚ್ಚಳದ ಗ್ಯಾಸ್ಕೆಟ್ ಇದ್ದ ಹಾಗೆ. ಮೂಳೆಯ ಆಕಾರ ಸ್ವಲ್ಪ ಹೆಚ್ಚುಕಮ್ಮಿ ಇದ್ದರೆ ಕಾಲು ಮಡಚಿ ತಿರುಗಿಸಿದಾಗಲೆಲ್ಲ ಮೂಳೆಗೆ ಮೂಳೆ ತಾಗುತ್ತದೆ, ನಡುವೆ ಆ ಪಟ್ಟಿ ಸಿಕ್ಕಿಹಾಕಿಕೊಳ್ಳುತ್ತದೆ. ಗ್ಯಾಸ್ಕೆಟ್ ಹರಿದ ಕುಕ್ಕರ್ ಒಂದೆರಡು ವಿಸಿಲ್ ಹಾಕಬಹುದು, ಆಮೇಲೆ ಸುಮ್ನೆ ಬುಸುಗುಡುತ್ತದೆ.

ಏಪ್ರಿಲ್ 15ಕ್ಕೆ ತಂಗಿ ಹೋದ ಸುದ್ದಿ. 16ಕ್ಕೆ ಷಿಕಾಗೊ ಬುಲ್ಸ್ ಎದುರು ಪ್ಲೇಆಫ್ ಶುರು. ಪಂದ್ಯಕ್ಕೆ ಮೊದಲು ಬೆಂಚಿನ ಮೇಲೆ ಅಳುತ್ತಾ ಕೂತಿದ್ದ, ಬೂಟಿನ ಮೇಲೆ ತಂಗಿಯ ಹೆಸರು ಬರೆದುಕೊಂಡಿದ್ದ. 33 ಪಾಯಿಂಟ್ ಹೊಡೆದ. ತಂಡ ಸೋತಿತು, ಮುಂದಿನದನ್ನೂ ಸೋತಿತು, ಆಮೇಲೆ ಸತತ ನಾಲ್ಕು ಗೆದ್ದು ಮುಂದಿನ ಸುತ್ತಿಗೆ ಬಂತು. ಬಾಸ್ಟನ್‌ನಿಂದ ದೇಶದ ಇನ್ನೊಂದು ತುದಿಗೆ ಹಾರಿ ಮಣ್ಣು ಮಾಡಿ ಬಂದು, ಮರುದಿನವೇ ವಾಷಿಂಗ್ಟನ್ ಎದುರು ಮತ್ತೆ 33. ಹಲ್ಲು ಹೋದದ್ದು ಅವತ್ತೇ. ಆಮೇಲೆ ಆ 53.

ಮೇ 12ರಂದು ವಾಷಿಂಗ್ಟನ್‌ನಲ್ಲಿ ಆರನೇ ಪಂದ್ಯದಲ್ಲಿ ಸೊಂಟದ ಪೆಟ್ಟು ಹೆಚ್ಚಾಯಿತು. ಮೇ 19ರಂದು ಕ್ಲೀವ್‌ಲ್ಯಾಂಡ್ ಎದುರು ಅರ್ಧ ಪಂದ್ಯ ಆಡಿ ಒಳಗೆ ಹೋದವನು ತಿರುಗಿ ಬರಲಿಲ್ಲ. ಅವತ್ತು ಸೆಲ್ಟಿಕ್ಸ್ ಸೋತದ್ದು 86-130ರಲ್ಲಿ. ಮರುದಿನ ತಂಡ ಹೇಳಿಕೆ ಕೊಟ್ಟಿತು: ಪೆಟ್ಟು ಮಾರ್ಚ್ 15ರದ್ದೇ, ಪಟ್ಟಿ ಹರಿದಿದೆ, ಈ ಸೀಸನ್ ಮುಗಿಯಿತು. ಎರಡು ತಿಂಗಳು ಅವನು ಅದೇ ಸೊಂಟದ ಮೇಲೆ ಆಡಿದ್ದ ಅಂತಾಯಿತು.

ಆಡಬೇಕು ಅಂತ ನಿರ್ಧರಿಸಿದವರು ಯಾರು? ಅವನೇ, ನಿಜ. ಯಾರೂ ಎಳೆದುಕೊಂಡು ಬಂದು ನಿಲ್ಲಿಸಲಿಲ್ಲ. ಆದರೆ ಇನ್ನೂ ಸಹಿ ಬೀಳದ ಕರಾರು ಎದುರಿಗಿರುವ ಆಟಗಾರನಿಗೆ 'ಕೂತ್ಕೋ' ಅನ್ನುವ ಮಾತು ಎಷ್ಟು ಕೇಳಿಸುತ್ತದೆ? ಮೊದಲ ಸ್ಥಾನದ ತಂಡ, ತುಂಬಿದ ಸ್ಟೇಡಿಯಂ, ಸತ್ತ ತಂಗಿ. ಅಂಥ ಹೊತ್ತಲ್ಲಿ ಆಟಗಾರನನ್ನು ಆಟಗಾರನಿಂದ ಕಾಪಾಡುವವರು ಬೇರೆಯವರೇ ಆಗಬೇಕು. ತಪ್ಪು ಯಾರದ್ದು ಅಂತ ಬೆರಳು ತೋರಿಸೋಕೆ ನನಗೆ ಮನಸ್ಸಿಲ್ಲ. ಆದರೆ ಆ ಎರಡು ತಿಂಗಳ ಲಾಭ ಎಲ್ಲರಿಗೂ ಹೋಯಿತು, ಖರ್ಚು ಒಬ್ಬನ ಮೈಗೆ ಬಿತ್ತು. ಅಷ್ಟು ಮಾತ್ರ ಖಂಡಿತ.

ಲೆಕ್ಕ ಬರೆದ ದಿನ

ಆ ಬೇಸಿಗೆಯಲ್ಲಿ ಅವನು ಬಾಯಿಬಿಟ್ಟೇ ಹೇಳಿದ್ದ: ನನಗೆ ಕೊಡೋಕೆ ಬ್ಯಾಂಕಿಗೆ ದುಡ್ಡು ಸಾಗಿಸೋ ಬ್ರಿಂಕ್ಸ್ ಗಾಡಿಯನ್ನೇ ತರಬೇಕಾಗುತ್ತೆ ಅಂತ. ತಂಡದ ಕಡೆ ಲೆಕ್ಕವೇ ಬೇರೆ. ಸೆಲ್ಟಿಕ್ಸ್ ಬಳಿ ಸಂಬಳದ ಮಿತಿಯಲ್ಲಿ ಒಂದಿಷ್ಟು ಜಾಗ ಇತ್ತು. ಅದನ್ನು ಹೊರಗಿನಿಂದ ಕರೆತಂದ ತಾರೆ ಗಾರ್ಡನ್ ಹೇವರ್ಡ್‌ಗೆ ಕೊಟ್ಟರು, ನಾಲ್ಕು ವರ್ಷಕ್ಕೆ 12.8 ಕೋಟಿ. ಹೇವರ್ಡ್‌ನನ್ನು ಒಪ್ಪಿಸೋಕೆ ಹೋದವರಲ್ಲಿ ಥಾಮಸ್ ಕೂಡ ಇದ್ದ.

ಅಷ್ಟರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಕೈರಿ ಇರ್ವಿಂಗ್ ತನ್ನನ್ನು ಬೇರೆ ಕಡೆ ಕಳಿಸಿ ಅಂದ. 25 ವರ್ಷ, ಆರಡಿ ಮೂರು ಅಂಗುಲ. ಆಗಸ್ಟ್ 22ರಂದು ಟ್ರೇಡ್, ಅಂದರೆ ಆಟಗಾರರ ಅದಲುಬದಲು ಆಯಿತು. ಇರ್ವಿಂಗ್ ಬಾಸ್ಟನ್‌ಗೆ. ಥಾಮಸ್, ಜೇ ಕ್ರೌಡರ್, ಆಂಟೆ ಜಿಜಿಚ್, ಜೊತೆಗೆ ಬ್ರೂಕ್ಲಿನ್‌ನಿಂದ ಬಂದಿದ್ದ 2018ರ ಮೊದಲ ಸುತ್ತಿನ ಪಿಕ್ ಕ್ಲೀವ್‌ಲ್ಯಾಂಡ್‌ಗೆ. 2011ರ ಮೊದಲನೆಯವನೂ ಕೊನೆಯವನೂ ಒಂದೇ ತಕ್ಕಡಿಯಲ್ಲಿ ಎದುರುಬದುರು ಕೂತಿದ್ದು ಹೀಗೆ.

ಟ್ರೇಡ್ ಆದಮೇಲೆ ಬಂದ ಆಟಗಾರರನ್ನು ಹೊಸ ತಂಡದ ಡಾಕ್ಟರು ಪರೀಕ್ಷಿಸುತ್ತಾರೆ. ಒಪ್ಪಿಗೆಯಾಗದಿದ್ದರೆ ವ್ಯವಹಾರ ಮುರಿಯಬಹುದು. ಕ್ಲೀವ್‌ಲ್ಯಾಂಡ್ ಡಾಕ್ಟರು ಸೊಂಟ ನೋಡಿದರು. ತಂಡ ಒಂದು ವಾರ ಸುಮ್ಮನಿತ್ತು. ಆಮೇಲೆ ಮೇಲೆ ಇನ್ನೇನಾದರೂ ಹಾಕಿ ಅಂತ ಕೇಳಿತು. ತರಕಾರಿ ಅಂಗಡಿಯಲ್ಲಿ ಕೊಳೆತ ಟೊಮೆಟೊ ಒಂದು ಸಿಕ್ಕರೆ ಕೊತ್ತಂಬರಿ ಕೊಸರು ಕೇಳ್ತೀವಲ್ಲ, ಹಾಗೆ. ಆಗಸ್ಟ್ 30ಕ್ಕೆ ಬಾಸ್ಟನ್ ಕೊಸರು ಹಾಕಿತು: 2020ರ ಎರಡನೇ ಸುತ್ತಿನ ಒಂದು ಪಿಕ್. ಆ ಸೊಂಟಕ್ಕೆ ಆದ ಕೇಡಿಗೆ ಲೀಗು ಬೆಲೆ ಕಟ್ಟಿದ್ದು ಇದೊಂದೇ ಸಲ. ಎರಡನೇ ಸುತ್ತಿನ ಪಿಕ್ ಅಂದರೆ ಇನ್ನೊಬ್ಬ ಥಾಮಸ್ ಸಿಗಬಹುದಾದ ಜಾಗ, ಹೆಚ್ಚಾಗಿ ಯಾರೂ ಸಿಗದ ಜಾಗ.

ಏಂಜ್ ತಪ್ಪು ಮಾಡಿದರಾ? ಲೆಕ್ಕದ ಪುಸ್ತಕ ಮಾತ್ರ ನೋಡಿದರೆ ಇಲ್ಲ. 29 ತುಂಬಲಿರುವ, ಸೊಂಟ ಹರಿದ, ಐದಡಿ ಒಂಬತ್ತರ ಗಾರ್ಡ್‌ಗೆ ಐದು ವರ್ಷದ ಗರಿಷ್ಠ ಸಂಬಳ ಯಾವ ಮ್ಯಾನೇಜರ್ ಕೊಟ್ಟರೂ ಕೆಲಸ ಕಳೆದುಕೊಳ್ಳುತ್ತಾನೆ. ಆದರೆ ಅಭಿಮಾನಿಗಳು ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅಂತ ಗೊಣಗಿದ್ದೂ ಸುಳ್ಳಲ್ಲ. ಆ ಗೊಣಗಾಟ ಹೊರಗೂ ಹೋಯಿತು. 2019ರಲ್ಲಿ ಆಗ ನ್ಯೂ ಆರ್ಲಿಯನ್ಸ್‌ನಲ್ಲಿದ್ದ ತಾರೆ ಆಂಥನಿ ಡೇವಿಸ್‌ನ ಅಪ್ಪ, ಥಾಮಸ್‌ಗೆ ಹಾಗೆ ಮಾಡಿದ ತಂಡಕ್ಕೆ ನನ್ನ ಮಗ ಹೋಗೋದು ಬೇಡ ಅಂತ ಪತ್ರಕರ್ತರ ಮುಂದೆಯೇ ಹೇಳಿದರು. ಇಷ್ಟೆಲ್ಲ ಮಾಡಿ ಪಡೆದ ಇರ್ವಿಂಗ್ ಎರಡು ಸೀಸನ್ ಆಡಿ ಬ್ರೂಕ್ಲಿನ್‌ಗೆ ಹೊರಟುಹೋದ. ಹೇವರ್ಡ್ ಮೊದಲ ಪಂದ್ಯದ ಮೊದಲ ಕ್ವಾರ್ಟರ್‌ನಲ್ಲೇ ಕಾಲು ಮುರಿದುಕೊಂಡ. ಸೆಲ್ಟಿಕ್ಸ್ ಕಪ್ ಎತ್ತಿದ್ದು 2024ರಲ್ಲಿ, ಡ್ರಾಫ್ಟ್‌ನಲ್ಲಿ ಆರಿಸಿದ್ದ ಜೇಸನ್ ಟೇಟಮ್, ಜೇಲೆನ್ ಬ್ರೌನ್ ಇಟ್ಟುಕೊಂಡು.

ಆಮೇಲೆ

ಥಾಮಸ್ ಆಗ ಆಪರೇಷನ್ ಮಾಡಿಸಲಿಲ್ಲ. ವಿಶ್ರಾಂತಿ, ವ್ಯಾಯಾಮ ಅಂತ 2018ರ ಜನವರಿಯವರೆಗೆ ಕಳೆದ. ಕ್ಲೀವ್‌ಲ್ಯಾಂಡ್‌ನಲ್ಲಿ 15 ಪಂದ್ಯ, ಸರಾಸರಿ 14.7. ಎಡಕ್ಕೆ ನುಗ್ಗುತ್ತಿದ್ದ, ಆದರೆ ದೊಡ್ಡವನ ಎದೆವರೆಗೆ ತಲುಪುತ್ತಿರಲಿಲ್ಲ. ಫೆಬ್ರವರಿಯಲ್ಲಿ ಅವರು ಲೇಕರ್ಸ್‌ಗೆ ದಾಟಿಸಿದರು. ಮಾರ್ಚ್‌ನಲ್ಲಿ ಕೊನೆಗೂ ಆಪರೇಷನ್. ಗರಿಷ್ಠ ಕರಾರಿಗೆ ಕಾದಿದ್ದ ಜುಲೈ ಬಂದಾಗ ಕರೆದದ್ದು ಡೆನ್ವರ್, ಅದೂ ಸ್ಯಾಕ್ರಮೆಂಟೊದಲ್ಲಿ ಅವನ ಕೋಚ್ ಆಗಿದ್ದ ಮೈಕಲ್ ಮಲೋನ್ ಅಲ್ಲಿದ್ದರು ಅಂತ. ಆ ವರ್ಷ ಆಡಿದ್ದು 12 ಪಂದ್ಯ.

2019ರ ಮಾರ್ಚ್ 18ರಂದು ಡೆನ್ವರ್ ತಂಡದ ಜೊತೆ ಬಾಸ್ಟನ್‌ಗೆ ಬಂದ. ಅಲ್ಲಿ ದೊಡ್ಡ ಪರದೆಯಲ್ಲಿ ಅವನ ಹಳೆಯ ಆಟಗಳನ್ನು ಹಾಕಿದರು, ಇಡೀ ಸ್ಟೇಡಿಯಂ ಎದ್ದು ನಿಂತಿತು. ಈ ವಿಡಿಯೊ ಅದಕ್ಕೂ ಒಂದು ವರ್ಷ ಮೊದಲೇ ಬರಬೇಕಿತ್ತು. ಆದರೆ ಆಗ ಗೊತ್ತು ಮಾಡಿದ್ದ 2018ರ ಫೆಬ್ರವರಿ 11, ಸೆಲ್ಟಿಕ್ಸ್‌ನ ಹಳೆಯ ತಾರೆ ಪಾಲ್ ಪಿಯರ್ಸ್‌ನ ಜೆರ್ಸಿ ನಂಬರಿಗೆ ವಿದಾಯ ಹೇಳುವ ದಿನವೂ ಆಗಿತ್ತು, ತನ್ನ ರಾತ್ರಿ ಹಂಚಿಕೊಳ್ಳೋಕೆ ಪಿಯರ್ಸ್‌ಗೆ ಇಷ್ಟವಿರಲಿಲ್ಲ, ಥಾಮಸ್ ಬೇಡ ಅಂದುಬಿಟ್ಟಿದ್ದ. ಮೂರು ದಿನ ಮೊದಲು ಲೇಕರ್ಸ್‌ಗೆ ಹೋಗಿದ್ದರಿಂದ ಅವತ್ತು ಅವನು ಆ ಊರಲ್ಲೇ ಇರಲಿಲ್ಲ.

2020ರಲ್ಲಿ ಇನ್ನೊಂದು ಆಪರೇಷನ್. ಸವೆದ ಮೂಳೆಯ ತಲೆಗೆ ಲೋಹದ ಟೋಪಿ ಹಾಕುವಂಥದ್ದು. ಈಗ ನೋವಿಲ್ಲ ಅಂದ. ಅಲ್ಲಿಂದ ಮುಂದೆ ಹತ್ತು ದಿನದ ಕರಾರುಗಳ ಬದುಕು: ನ್ಯೂ ಆರ್ಲಿಯನ್ಸ್, ಲೇಕರ್ಸ್, ಡಲ್ಲಾಸ್, ಷಾರ್ಲೆಟ್, 2024ರಲ್ಲಿ ಮತ್ತೆ ಫೀನಿಕ್ಸ್. ನಡುನಡುವೆ ಕೆಳಗಿನ ಜಿ ಲೀಗ್‌ನಲ್ಲಿ ಹುಡುಗರ ಜೊತೆ ಆಟ. 2021ರ ಡಿಸೆಂಬರ್‌ನಲ್ಲಿ ಅಲ್ಲಿ ಒಂದೇ ಪಂದ್ಯದಲ್ಲಿ 42 ಹೊಡೆದ. ಅದನ್ನು ನೋಡಿ ಲೇಕರ್ಸ್ ಫೋನ್ ಮಾಡಿತು. ಡಿಸೆಂಬರ್ 17ಕ್ಕೆ ಅವರ ಪಂದ್ಯ ಇದ್ದದ್ದು ಮಿನಿಯಾಪೊಲಿಸ್‌ನಲ್ಲಿ, ಅದೇ ಟಿಂಬರ್‌ವುಲ್ವ್ಸ್ ಎದುರು, ಮಾರ್ಚ್ 15ರಂದು ಅವನು ಬಿದ್ದಿದ್ದ ಅದೇ ಕೋರ್ಟಿನಲ್ಲಿ. ಲೇಕರ್ಸ್ ಸೋತಿತು. ಥಾಮಸ್ 19 ಪಾಯಿಂಟ್ ಹೊಡೆದ.